ಒರೆ ಹೊಲಿಯುವ ಕೈ

ಆಯುಧಪೂಜೆಯ ದಿನ ಕತ್ತಿಗೆ ಕುಂಕುಮ, ಕೋವಿಗೆ ಹೂವು. ವರ್ಷವಿಡೀ ಅವನ್ನು ಕಾಯುವ ಚರ್ಮದ ಒರೆಯನ್ನು ಕೇಳುವವರಿಲ್ಲ. ಯಾವ ಕಾರ್ಖಾನೆಯ ಅಳತೆಗೂ ಹೊಂದದ ಪುಟ್ಟ ರಿವಾಲ್ವರ್ ಒಂದಕ್ಕೆ ಗುಂಡ್ಲುಪೇಟೆಯ ಚಪ್ಪಲಿ ಅಂಗಡಿಯಲ್ಲಿ ಒರೆ ಹುಟ್ಟಿದ ಬಗೆ ಇದು. ಅದರ ಬೆನ್ನಿಗೆ ಏಳುಮಲೆಯ ಕಥೆಯಿದೆ, ತಂಗಡಿ ತೊಗಟೆಯ ವಾಸನೆಯಿದೆ.

ಆಯುಧಪೂಜೆಯ ಹಿಂದಿನ ಸಂಜೆ. ಗುಂಡ್ಲುಪೇಟೆಯ ಊಟಿ ರಸ್ತೆಯ ಉದ್ದಕ್ಕೂ ಚೆಂಡು ಹೂವಿನ ಮೂಟೆಗಳು ಬಾಯಿ ಬಿಚ್ಚಿಕೊಂಡು ಕೂತಿದ್ದವು. ಟ್ರ್ಯಾಕ್ಟರು, ಗೂಡ್ಸ್ ಆಟೊ, ಲಾರಿಗಳಿಗೆಲ್ಲ ಸ್ನಾನ ನಡೆದಿತ್ತು. ಬೂದುಗುಂಬಳದ ರಾಶಿಯ ಪಕ್ಕದಲ್ಲೊಂದು ತಗಡಿನ ಪೆಟ್ಟಿಗೆ ಅಂಗಡಿ. ಅದರೊಳಗೆ ಎಪ್ಪತ್ತು ದಾಟಿದ ತಾತ ಒಬ್ಬರು ಮರದ ರಿವಾಲ್ವರನ್ನು ಒದ್ದೆ ಚರ್ಮದೊಳಕ್ಕೆ ಇಳಿಸುತ್ತಿದ್ದರು.

‘ತಳ್ಬಾರ್ದು ಸೋಮಿ. ಒಸಿ ಒಸಿಯಾಗಿ ಅದೇ ಇಳೀಬೇಕು’ ಎಂದರು. ಹೆಬ್ಬೆರಳಿನಿಂದ ಒಮ್ಮೆ ಒತ್ತುವುದು, ಬಿಡುವುದು, ತಿರುಗಿಸಿ ನೋಡುವುದು. ಚರ್ಮದ ಅಂಚಿನಿಂದ ಕಂದು ನೀರಿನ ಹನಿ ಅವರ ಮೊಣಕೈಗೆ ಇಳಿಯುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮರದ ಆಯುಧ ಹಿಡಿಯವರೆಗೂ ಒಳಗೆ ಹೋಗಿತ್ತು. ಮೇಲುಗಡೆ ಗುಂಡಿನ ಗಾಲಿಯ ಉಬ್ಬು ಮೂಡುವುದಕ್ಕೆ ಶುರುವಾಗಿತ್ತು.

ನಾನೂ ನನ್ನ ಅಣ್ಣನೂ ಎದುರಿನ ಕಲ್ಲಿನ ಮೇಲೆ ಕೂತಿದ್ದೆವು. ಅಣ್ಣನೆಂದರೆ ದೊಡ್ಡಪ್ಪನ ಮಗ. ಆ ಮರದ ರಿವಾಲ್ವರ್ ನಮ್ಮ ದೊಡ್ಡಪ್ಪನ ಆಯುಧದ ಪಡಿಯಚ್ಚು. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ರಿವಾಲ್ವರ್ ಈಗ ಅಣ್ಣನ ಪಾಲಿಗೆ ಬಂದಿತ್ತು, ಅದಕ್ಕೆ ಅವನ ಅಳತೆಯ ಹೊಸ ಒರೆ ಬೇಕಿತ್ತು. ಮರದ ಅಚ್ಚು ಮಾತ್ರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಾತನ ಅಂಗಡಿಯ ಅಟ್ಟದಲ್ಲಿ, ಹಳೆಯ ಅಟ್ಟೆಗಳ ನಡುವೆ, ಬಟ್ಟೆ ಸುತ್ತಿಕೊಂಡು ಮಲಗಿತ್ತು.

ದೊಡ್ಡಪ್ಪನ ಜಮೀನು ತೆರಕಣಾಂಬಿಯಿಂದ ಆಚೆ. ಅರಿಸಿನ, ಈರುಳ್ಳಿ, ಒಂದಿಷ್ಟು ಬಾಳೆ. ಕಾಡಂಚಿನ ಹೊಲವಾದ್ದರಿಂದ ರಾತ್ರಿ ಕಾವಲು ತಪ್ಪದು. ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಒಂದು ಒಂಟಿನಳಿಗೆಯ ಬಂದೂಕು ಇತ್ತು. ಅದರ ಜೊತೆಗೆ ಮನೆಯ ಹಿರಿಯರ ಕಾಲದಿಂದ ಬಂದ .32 ಬೋರಿನ ವೆಬ್ಲಿ ರಿವಾಲ್ವರ್, ಮೂರಿಂಚು ನಳಿಗೆಯದು. ಬಂದೂಕು ಮೊದಲನೆಯ ಆಯುಧ, ರಿವಾಲ್ವರ್ ಎರಡನೆಯದು. ಕೈಯಲ್ಲಿದ್ದದ್ದು ಕೈಕೊಟ್ಟರೆ ಸೊಂಟದಲ್ಲಿ ಒಂದಿರಲಿ ಎನ್ನುವ ಲೆಕ್ಕ.

ಆ ದಿನಗಳ ಭಯವನ್ನು ಈಗಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. 1992ರ ಆಗಸ್ಟ್ 14ರಂದು ಮಿಣ್ಯಂ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಹೊಂಚುಹಾಕಿ ಎಸ್ಪಿ ಟಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ಕೊಂದಿತು. ಅದೇ ವರ್ಷ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತ್ತು. ನಮ್ಮ ಹೊಲ ಅಲ್ಲಿಂದ ದೂರವೇ. ಆದರೂ ಕತ್ತಲಾದ ಮೇಲೆ ನಾಯಿ ಬೊಗಳಿದರೆ ಇಡೀ ಮನೆ ಎದ್ದು ಕೂರುತ್ತಿತ್ತು. ದೊಡ್ಡಪ್ಪ ಆ ರಿವಾಲ್ವರಿನಿಂದ ಬದುಕಿಡೀ ಒಂದೇ ಒಂದು ಗುಂಡು ಹಾರಿಸಲಿಲ್ಲ. ಸೊಂಟದಲ್ಲಿ ಅದರ ತೂಕವಿದ್ದರೆ ಅವರಿಗೆ ನಿದ್ದೆ ಬರುತ್ತಿತ್ತು, ಅಷ್ಟೇ.

ತೊಂದರೆ ಬಂದದ್ದು ಒರೆಯಿಂದ. ದೊಡ್ಡಪ್ಪ ಎಡಚರು. ಅಂಗಡಿಯಲ್ಲಿ ಸಿಗುವ ಹೋಲ್‌ಸ್ಟರ್‌ಗಳೆಲ್ಲ ಬಲಗೈಯವರಿಗೆ, ಅದೂ ಪೊಲೀಸರ ದೊಡ್ಡ ರಿವಾಲ್ವರಿನ ಅಳತೆಗೆ. ಪುಟ್ಟ ವೆಬ್ಲಿ ಅದರೊಳಗೆ ಒಲೆಯ ಮೇಲಿನ ಪಾತ್ರೆಯ ಹಾಗೆ ಅಲ್ಲಾಡುತ್ತಿತ್ತು. ಒಮ್ಮೆ ಬದು ದಾಟಲು ಬಗ್ಗಿದಾಗ ರಿವಾಲ್ವರ್ ಜಾರಿ ಕಾಲುವೆಗೆ ಬಿತ್ತು. ಅದರಲ್ಲಿ ಗುಂಡು ತುಂಬಿತ್ತು. ಏನೂ ಆಗಲಿಲ್ಲ. ಆದರೆ ಮರುದಿನವೇ ದೊಡ್ಡಪ್ಪ ಈ ತಾತನ ಅಂಗಡಿ ಹುಡುಕಿಕೊಂಡು ಬಂದರು.

ಅಂಬಾರಿಯ ಮೇಲಿನ ಎರಡನೇ ಆಯುಧ

ಒಂದು ಆಯುಧಕ್ಕೆ ಇನ್ನೊಂದು ಆಯುಧದ ಆಸರೆ ಎನ್ನುವ ಯೋಚನೆ ಈ ಸೀಮೆಗೆ ಹಳೆಯದು.

ಜಿ.ಪಿ. ಸ್ಯಾಂಡರ್ಸನ್ ಹೆಸರನ್ನು ಆನೆಗಳ ಬಗ್ಗೆ ಓದಿದವರು ಕೇಳಿರುತ್ತಾರೆ. ಮೈಸೂರು ಸರ್ಕಾರದಲ್ಲಿ ನಾಲೆಗಳ ಕೆಲಸಕ್ಕೆ ಬಂದ ಈತ ಚಾಮರಾಜನಗರದ ಸಮೀಪ, ತನ್ನ ಪುಸ್ತಕದಲ್ಲಿ ಮೊರ್ಲೆ ಎಂದು ಕರೆದ ಊರಿನಲ್ಲಿ ಮನೆ ಮಾಡಿಕೊಂಡಿದ್ದ. 1874ರಲ್ಲಿ ಇಲ್ಲೇ ಹತ್ತಿರದಲ್ಲಿ ಖೆಡ್ಡಾ ನಡೆಸಿ ಕಾಡಾನೆಗಳ ಹಿಂಡನ್ನೇ ಹಿಡಿದ. ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಕುರಿತ ಅವನ ಪುಸ್ತಕ 1878ರಲ್ಲಿ ಅಚ್ಚಾಯಿತು. ಅವನ ಕಾಲದ ಶಿಕಾರಿಗಳು ಆನೆಯ ಮೇಲೆ ಕೂತು ಹುಲಿ ಬೇಟೆಗೆ ಹೊರಟರೆ ಉದ್ದನೆಯ ರೈಫಲ್ ಜೊತೆಗೆ ಒಂದು ವಿಚಿತ್ರ ಕೈಬಂದೂಕನ್ನೂ ಇಟ್ಟುಕೊಳ್ಳುತ್ತಿದ್ದರು. ಅದರ ಹೆಸರೇ ಹೌದಾ ಪಿಸ್ತೂಲು. ನಮ್ಮ ಮಾತಿನಲ್ಲಿ ಅಂಬಾರಿ ಪಿಸ್ತೂಲು.

ಗಾಯಗೊಂಡ ಹುಲಿ ಆನೆಯ ಕುಂಭಸ್ಥಳಕ್ಕೆ ಹಾರಿತೆಂದರೆ ಉದ್ದನೆಯ ರೈಫಲನ್ನು ತಿರುಗಿಸಲು ಜಾಗವೂ ಇರದು, ಸಮಯವೂ ಇರದು. ಆಗ ಒಂದು ಮಾರಿಗಿಂತ ಕಡಿಮೆ ದೂರಕ್ಕೆ ಬೇಕಾದದ್ದು ಈ ಪಿಸ್ತೂಲು. ಎರಡು ನಳಿಗೆ, ಕೆಲವಕ್ಕೆ ನಾಲ್ಕು. ರೈಫಲಿಗೆ ಹಾಕುವಂಥ .577 ಬೋರಿನ ದಪ್ಪ ಗುಂಡು. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ತೂಕವಲ್ಲ ಅದು. ಕೈಗೆ ಎಟಕುವ ಕಡೆ ಅದಕ್ಕೊಂದು ಚರ್ಮದ ಮನೆ ಬೇಕು. ಕುದುರೆಯ ಜೀನಿನ ಮುಂಭಾಗದಲ್ಲಿ ಎರಡೂ ಕಡೆ ಪಿಸ್ತೂಲಿನ ಚೀಲ ಇಳಿಬಿಡುವ ಪದ್ಧತಿ ಅದಕ್ಕೂ ಹಿಂದಿನದು. ಜೀನು ಹೊಲಿಯುವ ಕಸುಬಿನಿಂದಲೇ ಜೀನಗಾರರು ಎಂಬ ಹೆಸರು ಪಡೆದ ಸಮುದಾಯ ನಮ್ಮಲ್ಲಿದೆ. ಕುದುರೆ ಸವಾರಿ ಕುಗ್ಗಿದ ಮೇಲೆ ಅವರ ಕೈ ಚಿತ್ರಕ್ಕೂ ಕಿನ್ನಾಳದ ಗೊಂಬೆಗೂ ತಿರುಗಿತು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಪಿಸ್ತೂಲುಗಳ ಜೋಡಿಯಲ್ಲಿ ಇನ್ನೊಂದು ವಿಶೇಷ ಕಾಣುತ್ತದೆ. ಕೆಲವು ಜೋಡಿಗಳಲ್ಲಿ ಕಿಡಿ ಹೊಡೆಯುವ ಕಲ್ಲಿನ ಯಂತ್ರ ಒಂದಕ್ಕೆ ಬಲಮಗ್ಗುಲಲ್ಲಿದ್ದರೆ ಇನ್ನೊಂದಕ್ಕೆ ಎಡಮಗ್ಗುಲಲ್ಲಿ. ಕನ್ನಡಿಯ ಮುಂದೆ ಹಿಡಿದ ಹಾಗೆ. ಅಂಥ ಜೋಡಿಗೆ ಒಂದೇ ಪಟ್ಟಿಯಿಂದ ಎರಡು ಒರೆ ಕತ್ತರಿಸಿದರೆ ಒಂದು ಒಪ್ಪುತ್ತದೆ, ಇನ್ನೊಂದು ಒಪ್ಪದು. ಎಡಗೈ ಬಲಗೈಗಳ ಲೆಕ್ಕವನ್ನು ಇಲ್ಲಿನ ಕಸುಬುದಾರರು ಇನ್ನೂರು ವರ್ಷಗಳ ಹಿಂದೆಯೇ ಮಾಡಬೇಕಾಗಿತ್ತು.

ಪಕ್ಕದ ಕೊಡಗಿನ ದಾರಿ ಬೇರೆ. ಅಗಲವಾದ ಒಡಿಕತ್ತಿಯನ್ನು ಬೆನ್ನ ಹಿಂದೆ, ಸೊಂಟದ ಪಟ್ಟಿಗೆ ಸಿಕ್ಕಿಸಿದ ತೋಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ತೂಗುಬಿಡುತ್ತಾರೆ. ಬಾಗಿದ ಆ ಅಲಗಿಗೆ ಸುತ್ತಲೂ ಮುಚ್ಚುವ ಒರೆ ಹೊಂದುವುದಿಲ್ಲ. ಆಯುಧದ ಆಕಾರವೇ ಅದರ ಮನೆಯನ್ನು ಗೊತ್ತು ಮಾಡಿತು.

ಬಾಕ್ಸ್: ಒಂದೇ ಕೈಯ ದಂಡನಾಯಕ

ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ತೊಡುವ, ಹೆಗಲಿನಿಂದ ಅಡ್ಡವಾಗಿ ಇಳಿಯುವ ಚರ್ಮದ ಪಟ್ಟಿಗೆ ಸ್ಯಾಮ್ ಬ್ರೌನ್ ಬೆಲ್ಟ್ ಎನ್ನುತ್ತಾರೆ. ಅದು ಹುಟ್ಟಿದ್ದು ಭಾರತದಲ್ಲಿ. 1858ರಲ್ಲಿ ಈಗಿನ ಉತ್ತರ ಪ್ರದೇಶದ ಕಾಳಗವೊಂದರಲ್ಲಿ ಸ್ಯಾಮ್ ಬ್ರೌನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಎಡಗೈ ಕಳೆದುಕೊಂಡ. ಕತ್ತಿ ಹಿರಿಯುವಾಗ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ಅದು ಇಲ್ಲದವನಿಗೆ ಒರೆಯನ್ನು ಅಲ್ಲಾಡದಂತೆ ಹಿಡಿಯುವ ಪಟ್ಟಿ ಬೇಕಾಯಿತು. ಅದೇ ಬೆಲ್ಟಿನ ಬಲಸೊಂಟಕ್ಕೆ ಪಿಸ್ತೂಲಿನ ಚೀಲವೂ ಸೇರಿಕೊಂಡಿತು. ಒಬ್ಬ ಊನಗೊಂಡವನ ಅಳತೆಗೆ ಹೊಲಿದದ್ದು ಮುಂದೆ ಲೋಕದ ಸೈನ್ಯಗಳ ಸಮವಸ್ತ್ರವಾಯಿತು.

ತಂಗಡಿಯ ಹದ

ಒರೆಯ ಗುಟ್ಟು ಹೊಲಿಗೆಗಿಂತ ಮೊದಲು ಚರ್ಮದಲ್ಲಿದೆ. ಚರ್ಮದ ಗುಟ್ಟು ಹದದಲ್ಲಿದೆ.

ಚಾಮರಾಜನಗರದ ಬಯಲಿನಲ್ಲಿ, ಬೇಲಿಯ ಪಕ್ಕ, ಬೀಳು ನೆಲದಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ಯಾರು ನೋಡಿಲ್ಲ? ಆವರಿಕೆ ಎಂದೂ ಕರೆಯುತ್ತಾರೆ. ಅದರ ತೊಗಟೆಯ ಒಗರೇ ಹಿಂದೆ ದಕ್ಷಿಣ ಭಾರತದ ಚರ್ಮದ ಹದಕ್ಕೆ ಆಧಾರ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಮಾಂಸ ಹೆರೆದು, ತಂಗಡಿ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಮುಳುಗಿಸುತ್ತಿದ್ದರು. ಕೊನೆಗೆ ಅಳಲೆಕಾಯಿಯ ನೀರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆರಿಸಿ ತರುವ ಕಿರು ಉತ್ಪನ್ನಗಳಲ್ಲಿ ನೆಲ್ಲಿ, ಜೇನು, ಸೀಗೆಯ ಜೊತೆ ಅಳಲೆಯೂ ಇತ್ತು. ಬಯಲಿನ ತೊಗಟೆ, ಬೆಟ್ಟದ ಕಾಯಿ, ಊರಿನ ತೊಗಲು ಸೇರಿ ಒಂದು ಜೊತೆ ಎಕ್ಕಡ ಆಗುತ್ತಿತ್ತು, ಒಂದು ತಮಟೆ ಆಗುತ್ತಿತ್ತು, ಬಾವಿಯ ನೀರೆತ್ತುವ ಕಪಿಲೆಯ ತೊಗಲ ಚೀಲ ಆಗುತ್ತಿತ್ತು. ಬಾವಿಗೆ ಪಂಪ್‌ಸೆಟ್ಟು ಇಳಿದ ಮೇಲೆ ಕಪಿಲೆ ನಿಂತಿತು. ಪ್ಲಾಸ್ಟಿಕ್ ಚಪ್ಪಲಿ ಬಂದ ಮೇಲೆ ಎಕ್ಕಡ ನಿಂತಿತು. ಊರಿನ ಹದದ ಗುಂಡಿಗಳು ಮಣ್ಣು ತುಂಬಿಕೊಂಡವು.

ಈಗ ಜಗತ್ತಿನ ಬಹುಪಾಲು ಚರ್ಮ ಕ್ರೋಮಿಯಂ ಲವಣದಲ್ಲಿ ಹದವಾಗುತ್ತದೆ. ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಮದ್ರಾಸಿನಲ್ಲಿ ಈ ವಿಧಾನವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ನೆಲೆಗೊಳಿಸಿದ ಆಲ್ಫ್ರೆಡ್ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬಂದ. ಕ್ರೋಮ್ ಚರ್ಮ ಮೃದು, ನೀರಿಗೆ ಅಂಜುವುದಿಲ್ಲ. ಶೂಗೆ, ಬ್ಯಾಗಿಗೆ ಒಳ್ಳೆಯದು. ಆದರೆ ಒರೆಗೆ ಅದು ಆಗಿಬರುವುದಿಲ್ಲ. ನೆನೆಸಿ ಒತ್ತಿದರೆ ಒಣಗುವಾಗ ಮತ್ತೆ ಚಪ್ಪಟೆಯಾಗುತ್ತದೆ. ತೊಗಟೆಯ ಚರ್ಮವಾದರೆ ಒದ್ದೆಯಿದ್ದಾಗ ಜೇಡಿಮಣ್ಣಿನ ಹಾಗೆ ಬಾಗುತ್ತದೆ, ಒಣಗಿದ ಮೇಲೆ ಆ ಆಕಾರವನ್ನು ಬಿಡುವುದಿಲ್ಲ.

ತಾತ ಚರ್ಮ ತರುವುದು ಈರೋಡಿನಿಂದ. ಚಾಮರಾಜನಗರದಿಂದ ಹೊರಟು ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಅಲ್ಲಿಂದ ಮುಂದೆ ಈರೋಡು. ತೊಗಟೆಯಿಂದ ಹದ ಮಾಡುವ ಕಾರ್ಖಾನೆಗಳು ಅಲ್ಲಿ ಇನ್ನೂ ಉಳಿದಿವೆ. ಈಗ ಅಲ್ಲಿ ತಂಗಡಿಗಿಂತ ಹೊರಗಿನ ವ್ಯಾಟಲ್ ಮರದ ಸಾರವೇ ಹೆಚ್ಚು. ತಾತ ಚರ್ಮದ ತುಂಡನ್ನು ಮೂಗಿಗೆ ಹಿಡಿದು, ‘ಆಗಿನ ವಾಸ್ನೆ ಇಲ್ಲ. ಆದ್ರೂ ತಾಯಿ ಒಬ್ಳೇ’ ಎಂದರು.

ಬೆರಳಿನಷ್ಟು ಹತ್ತಿರದಿಂದ

ಲೈಸೆನ್ಸುದಾರ ಎದುರಿಗಿಲ್ಲದೆ ಅವನ ಆಯುಧ ಬೇರೆಯವರ ಕೈಯಲ್ಲಿ ಇರಬಾರದು. ಹಾಗಾಗಿ ರಿವಾಲ್ವರನ್ನು ಅಂಗಡಿಯಲ್ಲಿ ವಾರವಿಡೀ ಬಿಟ್ಟುಹೋಗುವ ಮಾತೇ ಇಲ್ಲ. ದೊಡ್ಡಪ್ಪನ ಕಾಲದಲ್ಲೇ ತಾತ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ದೊಡ್ಡಪ್ಪ ಗುಂಡು ತೆಗೆದ ಆಯುಧವನ್ನು ಹಿಡಿದುಕೊಂಡು ಒಂದು ಮಧ್ಯಾಹ್ನ ಕೂತರು. ತಾತನ ಗೆಳೆಯ ಬಡಗಿಯೊಬ್ಬರು ಹಾಲೆ ಮರದ ತುಂಡಿನಲ್ಲಿ ಅದರ ಪ್ರತಿ ಕೆತ್ತಿದರು. ಚನ್ನಪಟ್ಟಣದ ಗೊಂಬೆಗೆ ಬಳಸುವ ಮರವೇ ಅದು. ಗಾಲಿಯ ದಪ್ಪ, ಕುದುರೆಯ (ಟ್ರಿಗರ್) ಸುತ್ತಲಿನ ಕಾವಲು ಬಳೆ, ಮೇಲಿನ ಗುರಿಯ ಮೊಳೆ, ಎಲ್ಲವೂ ಹಾಗೆಯೇ.

ಆಮೇಲೆ ಕಾಗದ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಮರದ ಅಚ್ಚು ಮಲಗಿಸಿ ಸುತ್ತ ಪೆನ್ಸಿಲ್ ಓಡಿಸುವುದು. ಅದಕ್ಕೆ ಚರ್ಮದ ದಪ್ಪ, ಹೊಲಿಗೆಯ ಅಂಚು, ಗಾಲಿಯ ಉಬ್ಬಿಗೆ ಬೇಕಾದ ಸಡಿಲ ಸೇರಿಸುವುದು. ಇಲ್ಲಿ ಒಂದು ಗೆರೆ ತಪ್ಪಿದರೆ ಮುಂದಿನದೆಲ್ಲ ದಂಡ. ತಾತ ಸ್ಕೇಲು ಮುಟ್ಟಲಿಲ್ಲ. ಹೆಬ್ಬೆರಳಿನ ಗೆಣ್ಣೇ ಅವರ ಅಳತೆ.

ಮೂರು ನಾಲ್ಕು ಮಿಲಿಮೀಟರು ದಪ್ಪದ ಚರ್ಮವನ್ನು ರಂಪಿಗೆಯಿಂದ ಕತ್ತರಿಸಿದರು. ಅರ್ಧಚಂದ್ರದಂಥ ಬಾಯಿಯ ಆ ಕತ್ತಿಯನ್ನು ತಮ್ಮ ಕಡೆಗೆ ಎಳೆಯದೆ ಮುಂದಕ್ಕೆ ಒತ್ತಿ ನಡೆಸುತ್ತಾರೆ. ಬಳಿಕ ಅಂಚಿನಲ್ಲಿ ಉಳಿಯಿಂದ ತೂತು. ಒಂದು ಇಂಚಿಗೆ ಆರೇಳು. ದಾರಕ್ಕೆ ಜೇನುಮೇಣ ಉಜ್ಜಿ ಎರಡೂ ತುದಿಗೆ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ. ಎಳೆದಾಗ ಬರುವ ‘ಸುಯ್’ ಎನ್ನುವ ಸದ್ದನ್ನು ನಾನು ಮರೆಯಲಾರೆ.

ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆ, ಕೆಳಗಿನ ದಾರ ಕೆಳಗೆ, ನಡುವೆ ಒಂದಕ್ಕೊಂದು ಕೊಂಡಿ. ಒಂದು ಕಡೆ ಸವೆದು ಹರಿದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ತಾತನ ಈ ಎರಡು ಸೂಜಿಯ ಜೀನಿನ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಅದೇ ತೂತಿನಲ್ಲಿ ನಿಂತಿರುತ್ತದೆ. ದೊಡ್ಡಪ್ಪನ ಹಳೆಯ ಒರೆಯಲ್ಲಿ ಅಂಥ ಎರಡು ಜಾಗ ತೋರಿಸಿದರು. ದಾರ ಹರಿದು ಎಷ್ಟೋ ವರ್ಷವಾಗಿದೆ, ಬಾಯಿ ಬಿಟ್ಟಿಲ್ಲ.

ಹೊಲಿಗೆ ಮುಗಿದ ಮೇಲೆ ನೀರು. ಉಗುರುಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ ಮುಳುಗಿಸಿದಾಗ ಚರ್ಮದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ‘ಗುಳ್ಳೆ ನಿಂತ್ರೆ ಹೊಟ್ಟೆ ತುಂಬ್ತು ಅಂತ. ಆಗ ತಗುದು ಮಡಗ್ಬೇಕು. ಬಣ್ಣ ತಿರುಗಿ ಬರೋಗಂಟ ಕಾಯ್ಬೇಕು.’ ಕಡುಗಂದಾಗಿದ್ದ ಚರ್ಮ ಅಂಚಿನಿಂದ ತಿಳಿಯಾಗತೊಡಗಿದಾಗ ಮರದ ಅಚ್ಚು ಒಳಗೆ. ಆ ಸಂಜೆ ನಾವು ನೋಡಿದ್ದು ಈ ಹೊತ್ತು. ಎಮ್ಮೆಯ ಕೊಂಬಿನ ನಯವಾದ ತುಂಡಿನಿಂದ ಗಾಲಿಯ ಸುತ್ತ, ಕಾವಲು ಬಳೆಯ ಸುತ್ತ ಉಜ್ಜುತ್ತಾ ಹೋದರು. ಉಜ್ಜಿದ ಕಡೆ ಚರ್ಮ ಕುಗ್ಗಿ ಗೆರೆ ಬಿಡಿಸಿದ ಹಾಗೆ ಆಕಾರ ಎದ್ದು ಬಂತು.

ವೆಬ್ಲಿಯನ್ನು ತೆರೆಯುವುದು ನಡು ಮುರಿದ ಹಾಗೆ. ಗಾಲಿಯ ಹಿಂದೆ, ಎಡಮಗ್ಗುಲಲ್ಲಿ ಒಂದು ಪುಟ್ಟ ಚಿಲಕ. ಹೆಬ್ಬೆರಳಿನಲ್ಲಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಬಲಗೈಯವರು ಬಲಸೊಂಟಕ್ಕೆ ಕಟ್ಟಿದಾಗ ಈ ಚಿಲಕ ಮೈ ಕಡೆಗೆ ಇರುತ್ತದೆ. ದೊಡ್ಡಪ್ಪ ಎಡಸೊಂಟಕ್ಕೆ ಕಟ್ಟುತ್ತಿದ್ದರಿಂದ ಅದು ಹೊರಗಡೆ. ಗೋಡೆಗೆ, ಟ್ರ್ಯಾಕ್ಟರಿನ ಸೀಟಿಗೆ ತಾಗಿ ಒತ್ತಿಕೊಳ್ಳದಿರಲೆಂದು ಹಳೆಯ ಒರೆಯಲ್ಲಿ ತಾತ ಆ ಜಾಗಕ್ಕೆ ಒಳಗಿನಿಂದ ಇನ್ನೊಂದು ಪದರ ಕೊಟ್ಟು ಹುಣಸೆಬೀಜದಷ್ಟು ಗುಬುಟು ಎಬ್ಬಿಸಿದ್ದರು. ಬಲಗೈಯವನಾದ ಅಣ್ಣನಿಗೆ ಆ ಗುಬುಟು ಬೇಡ. ಅವನು ಜೀಪು ಓಡಿಸುವವನು, ಕೂತಾಗ ಹಿಡಿ ಪಕ್ಕೆಗೆ ಚುಚ್ಚಬಾರದು. ಆದ್ದರಿಂದ ಹೊಸ ಒರೆಯ ಬಾಗು ಬೇರೆ.

ಒಳ್ಳೆಯ ಒರೆಗೆ ತಾತ ಮೂರು ಪರೀಕ್ಷೆ ಇಡುತ್ತಾರೆ. ಕಾವಲು ಬಳೆಯೊಳಗೆ ಬೆರಳು ತೂರಲು ಎಲ್ಲೂ ಸಂದು ಇರಬಾರದು. ಟಿಚ್ ಬಟನ್ ಹಾಕದೆ ತಲೆಕೆಳಗು ಮಾಡಿದರೂ ಆಯುಧ ಬೀಳಬಾರದು. ತೆಗೆದ ಮೇಲೆ ಒರೆಯ ಬಾಯಿ ಕುಸಿಯದೆ ತೆರೆದೇ ನಿಂತಿರಬೇಕು, ಏಕೆಂದರೆ ವಾಪಸು ಇಡುವಾಗ ಇನ್ನೊಂದು ಕೈ ಬಿಡುವಾಗಿರುವುದಿಲ್ಲ. ಸೊಂಟದ್ದಾಗಲಿ, ಕಣಕಾಲಿಗೆ ಕಟ್ಟುವ ಪುಟಾಣಿ ಪಿಸ್ತೂಲಿನದ್ದಾಗಲಿ, ಜೇಬಿನೊಳಗೆ ಇಡುವಂಥದ್ದಾಗಲಿ, ಈ ಮೂರರಲ್ಲಿ ರಿಯಾಯಿತಿ ಇಲ್ಲ. ಆಯುಧ ಚಿಕ್ಕದಾದಷ್ಟೂ ಜೇಬಿನ ಬೀಗದ ಕೈ, ನಾಣ್ಯ, ಬಟ್ಟೆಯ ಮಡಿಕೆಗಳು ಕುದುರೆಗೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಒರೆ ಇರುವುದು ಮೊದಲಿಗೆ ಇದಕ್ಕಾಗಿ. ಆಯುಧವನ್ನು ಬೇಗ ಹಿರಿಯುವುದನ್ನು ಸಿನಿಮಾ ತೋರಿಸುತ್ತದೆ. ಅದನ್ನು ಸುಮ್ಮನಿರಿಸುವ ಕೆಲಸವನ್ನು ವರ್ಷವಿಡೀ ಚರ್ಮ ಮಾಡುತ್ತದೆ.

ಬಾಕ್ಸ್: ಒರೆಯಲ್ಲೇ ಮಲಗಿಸಬೇಡಿ

ಚರ್ಮ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಯುಧವನ್ನು ಒರೆಯೊಳಗೇ ತಿಂಗಳುಗಟ್ಟಲೆ ಇಟ್ಟರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಚರ್ಮದ ತೋಟಾಪಟ್ಟಿಯಲ್ಲಿ ಬಿಟ್ಟ ಹಿತ್ತಾಳೆಯ ತೋಟಾಗಳ ಮೇಲೆ ಹಸಿರು ಕಿಲುಬು ಬೆಳೆಯುತ್ತದೆ. ಮನೆಯಲ್ಲಿ ಆಯುಧ ಬೇರೆ, ಒರೆ ಬೇರೆ, ಎರಡಕ್ಕೂ ಬೀಗ. ಒದ್ದೆಯಾದ ಒರೆಯನ್ನು ಬಿಸಿಲಿಗೆ ಹಾಕಬಾರದು, ಒಲೆಯ ಹತ್ತಿರವೂ ಬೇಡ, ನೆರಳಿನ ಗಾಳಿ ಸಾಕು. ಮಳೆಗಾಲದಲ್ಲಿ ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆ ಅತಿಯಾದರೆ ಚರ್ಮ ಮೆತ್ತಗಾಗಿ ಹಿಡಿತ ಬಿಡುತ್ತದೆ.

ಹರಳಯ್ಯನ ಎಕ್ಕಡ

ಈ ಜಿಲ್ಲೆಯಲ್ಲಿ ಕೂತು ಅಳತೆಗೆ ಹೊಲಿದ ಚರ್ಮದ ಮಾತಾಡುವಾಗ ಏಳುಮಲೆಯ ಮಾದಪ್ಪನನ್ನು ನೆನೆಯದೆ ಮುಂದೆ ಹೋಗಲಾಗದು.

ಕಂಸಾಳೆಯ ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಲೆ ಮಾದೇಶ್ವರನ ಕಾವ್ಯದಲ್ಲಿ ಶ್ರವಣ ದೊರೆಯ ಸಾಲು ಇದೆ. ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟ ಬಂಕಾಪುರಿಯ ದೊರೆ ಅವನು. ಅವನನ್ನು ಕೊಲ್ಲಲು ಮಾದಪ್ಪ ಕತ್ತಿ ಹಿಡಿಯಲಿಲ್ಲ, ಬಾಣ ಹೂಡಲಿಲ್ಲ. ಹರಳಯ್ಯನ ಬಳಿ ಹೋಗಿ ಎಕ್ಕಡ ಹೊಲಿಸಿದ. ಆ ಮಾಯದ ಎಕ್ಕಡ ಮೆಟ್ಟಿದ್ದೇ ಶ್ರವಣನ ಅಂತ್ಯಕ್ಕೆ ದಾರಿಯಾಯಿತು. ಪಾಠ ಊರಿಂದೂರಿಗೆ ಬದಲಾಗುತ್ತದೆ, ಹರಳಯ್ಯನ ಪಾತ್ರ ಮಾತ್ರ ಬದಲಾಗುವುದಿಲ್ಲ. ಕಲ್ಯಾಣದ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆ ನಾಡಿಗೆಲ್ಲ ಗೊತ್ತು. ಏಳುಮಲೆಯ ಹರಳಯ್ಯನ ಕಥೆ ಈ ಸೀಮೆಯದು. ಇಲ್ಲಿ ದೇವರೇ ಚರ್ಮದ ಕಸುಬುದಾರನ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ತಾತನಿಗೆ ಈ ಭಾಗ ಬಾಯಿಪಾಠ. ‘ಮಾದಪ್ಪ ನಮ್ಮನೆ ಬಾಗ್ಲಿಗೆ ಬಂದವ್ನೆ ಸೋಮಿ. ನಾವು ನಿಮ್ಮನೆ ಬಾಗ್ಲಿಗೆ ಬಂದಾಗ ಜಗಲಿ ಕೆಳಗೇ ನಿಂತ್ಕಬೇಕಾಗಿತ್ತು’ ಎಂದರು. ಅವರ ತಂದೆ ನಮ್ಮ ಮನೆಯವರ ಪಾದದ ಅಳತೆಯನ್ನು ಮಣ್ಣಿನಲ್ಲಿ ಮೂಡಿದ ಹೆಜ್ಜೆಯಿಂದ ತೆಗೆದುಕೊಳ್ಳುತ್ತಿದ್ದರಂತೆ. ಪಾದ ಮುಟ್ಟುವ ಹಾಗಿರಲಿಲ್ಲ. ಮುಟ್ಟದೆ ತೆಗೆದ ಅಳತೆಯಲ್ಲಿ ಹೊಲಿದ ಎಕ್ಕಡವನ್ನು ನಮ್ಮವರು ವರ್ಷಗಟ್ಟಲೆ ಮೆಟ್ಟಿದರು. ಅಣ್ಣ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಈ ಕಸುಬನ್ನು ಬಿಟ್ಟವರನ್ನು ಕಂಡು ‘ಕಲೆ ಸತ್ತಿತು’ ಎಂದು ಮರುಗುವ ಹಕ್ಕು ನನ್ನಂಥವನಿಗಿಲ್ಲ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರು ಸತ್ತ ದನದ ಹಂಗು ಬಿಡಿ ಎಂದು ಕರೆ ಕೊಟ್ಟದ್ದು ಬದುಕಿನ ಘನತೆಗಾಗಿ. ತಾತನ ಇಬ್ಬರು ಮಕ್ಕಳು ಓದಿ ಕೆಲಸ ಹಿಡಿದಿದ್ದಾರೆ, ಚರ್ಮ ಮುಟ್ಟುವುದಿಲ್ಲ. ಅದು ಸರಿಯೇ. ಆದರೆ ಬೆರಳಿನ ಗೆಣ್ಣಿನಲ್ಲಿ ಇಷ್ಟು ಲೆಕ್ಕ ಇಟ್ಟುಕೊಂಡವರಿಗೆ ಊರು ಕೊಟ್ಟ ಹೆಸರು ‘ಚಪ್ಪಲಿ ಹೊಲಿಯುವವನು’ ಎಂಬುದಷ್ಟೇ. ಹೊಸ ಒರೆಗೆ ಅವರು ಕೇಳಿದ ಮಜೂರಿ ಒಂದು ಜೊತೆ ಚಪ್ಪಲಿಯದ್ದು. ಕೆಲಸ ಆರು ದಿನದ್ದು. ನಾವು ಹೆಚ್ಚು ಕೊಡಲು ಹೋದರೆ ಮೊದಲು ಒಪ್ಪಲಿಲ್ಲ.

ಚರ್ಮ ಕುಶಲಕರ್ಮಿಗಳಿಗಾಗಿ ರಾಜ್ಯದಲ್ಲಿ 1976ರಲ್ಲಿ ನಿಗಮವೊಂದು ಹುಟ್ಟಿತು. ಈಗ ಅದಕ್ಕೆ ಬಾಬು ಜಗಜೀವನ್ ರಾಮ್ ಅವರ ಹೆಸರಿದೆ. ಜನ ಕರೆಯುವುದು ಲಿಡ್ಕರ್ ಎಂದು. ಶೂ, ಬೆಲ್ಟು, ಪರ್ಸುಗಳ ಮಾರಾಟಕ್ಕೆ ಅದರ ಮಳಿಗೆಗಳಿವೆ. ಒಂದೊಂದು ದೇಹಕ್ಕೆ, ಒಂದೊಂದು ವಸ್ತುವಿಗೆ ಅಳತೆ ಹಿಡಿದು ಹೊಲಿಯುವ ಇಂಥ ವಿದ್ಯೆಯನ್ನು ಹೊಸಬರಿಗೆ ಗೌರವದ ಸಂಬಳ ಕೊಟ್ಟು ಕಲಿಸುವಂತಾದರೆ, ಯಾವ ಜಾತಿಯ ಹುಡುಗನೋ ಹುಡುಗಿಯೋ ಬಂದು ಕಲಿಯುವಂತಾದರೆ, ತಾತನ ಬೆರಳು ನಿಂತ ಮೇಲೂ ಅಳತೆ ನಿಲ್ಲುವುದಿಲ್ಲ. ಕಿವಿಯ ಯಂತ್ರದ ಚೀಲ, ಕೃತಕ ಕಾಲಿನ ಪಟ್ಟಿ, ರೈತನ ಕುಡುಗೋಲಿನ ಒರೆ ಎಲ್ಲಕ್ಕೂ ಬೇಕಾದದ್ದು ಇದೇ ಕೈ.

ಕೈಬಂದೂಕುಗಳ ಲೋಕವೂ ಬದಲಾಗಿದೆ. ನಾಗರಿಕರಿಗೆ ಸಿಗುವ ಕಾನ್ಪುರದ .32 ರಿವಾಲ್ವರ್ ಹಳೆಯ ವೆಬ್ಲಿಯ ಮಾದರಿಯದೇ. 2014ರಲ್ಲಿ ಮಹಿಳೆಯರಿಗೆಂದು ಬಂದ, ಅರ್ಧ ಕಿಲೊ ತೂಕದ ನಿರ್ಭೀಕ್ ರಿವಾಲ್ವರನ್ನು ಒಡವೆಯ ಪೆಟ್ಟಿಗೆಯಂಥ ಕೆಂಪು ಡಬ್ಬಿಯಲ್ಲಿಟ್ಟು ಕೊಟ್ಟರು. ಆಮೇಲೆ ಬಂದ .22ರ ನಿಡರ್ ಕೇವಲ 250 ಗ್ರಾಂ. ಇಂಥ ಹಗುರ, ಅಪರೂಪದ ಆಯುಧಗಳಿಗೆ ಸರಿಯಾದ ಒರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗದು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಒರೆಯೊಳಗೇ ಒಯ್ಯಬೇಕೆನ್ನುತ್ತವೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದವು. ಪೇಟೆಯಲ್ಲಿ ಕಾಯಿಸಿ ಅಚ್ಚೊತ್ತಿದ ಪ್ಲಾಸ್ಟಿಕ್ಕಿನ ಒರೆ ಬಂದಿದೆ. ನೀರಿಗೆ ಹೆದರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಹೆಸರುವಾಸಿ ಪಿಸ್ತೂಲುಗಳಿಗೆ ಅದು ಸರಿ. ಮುತ್ತಜ್ಜನ ಕಾಲದ, ಗುರಿಯ ಮೊಳೆ ಸವೆದ, ಹಿಡಿ ಬದಲಾಯಿಸಿದ ಆಯುಧಕ್ಕೆ ಅಚ್ಚು ಎಲ್ಲಿಂದ ತರುವುದು?

ವಿಜಯದಶಮಿಯ ಬೆಳಿಗ್ಗೆ

ಆಯುಧಪೂಜೆಯ ದಿನ ತಾತ ಕೆಲಸ ಮಾಡುವುದಿಲ್ಲ. ರಂಪಿಗೆ, ಉಳಿ, ದಬ್ಬಳ, ಸುತ್ತಿಗೆ, ಮೂರು ಕಾಲಿನ ಕಬ್ಬಿಣದ ಅಚ್ಚು, ಚರ್ಮ ಬಡಿಯುವ ಕಲ್ಲು, ಎಲ್ಲವೂ ತೊಳೆಸಿಕೊಂಡು ಗೋಣಿಯ ಮೇಲೆ ಸಾಲಾಗಿ ಕೂರುತ್ತವೆ. ಅದೇ ಹೊತ್ತಿಗೆ ಮೈಸೂರು ಅರಮನೆಯಲ್ಲಿ ಕೋಡಿ ಸೋಮೇಶ್ವರ ಗುಡಿಯಿಂದ ಪಟ್ಟದ ಕತ್ತಿ ಮೊದಲಾದ ಆಯುಧಗಳು ಕಲ್ಯಾಣಮಂಟಪಕ್ಕೆ ಪೂಜೆಗೆ ಬರುತ್ತವೆ. ಠಾಣೆಗಳಲ್ಲಿ ಬಂದೂಕುಗಳಿಗೆ ಹಾರ ಬೀಳುತ್ತದೆ. ಆಕಾರ ತಳೆದ ನಮ್ಮ ಒರೆ ಮರದ ಅಚ್ಚನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಂಗಡಿಯ ಸೂರಿನ ನೆರಳಿನಲ್ಲಿ ಒಂದು ದಿನ ಎರಡು ರಾತ್ರಿ ತೂಗಿತು.

ವಿಜಯದಶಮಿಯ ಬೆಳಿಗ್ಗೆ ಅಣ್ಣ ರಿವಾಲ್ವರ್ ತಂದ. ಗುಂಡಿಲ್ಲವೆಂದು ನಡು ಮುರಿದು ತಾತನಿಗೆ ತೋರಿಸಿದ, ನನಗೂ ತೋರಿಸಿದ. ತಾತ ಮರದ ಅಚ್ಚನ್ನು ಹೊರಗೆಳೆದರು. ಒರೆಯ ಬಾಯಿ ತೆರೆದೇ ನಿಂತಿತ್ತು. ಅಣ್ಣ ರಿವಾಲ್ವರ್ ಇಳಿಸಿದ. ಕೊನೆಯ ಅರ್ಧ ಇಂಚಿನಲ್ಲಿ ಗಾಳಿ ಹೊರಬಿದ್ದ ಸಣ್ಣ ಸದ್ದಾಯಿತು. ತಲೆಕೆಳಗು ಮಾಡಿ ಅಲ್ಲಾಡಿಸಿದ. ಬೀಳಲಿಲ್ಲ.

ಹಳೆಯ ಒರೆಯನ್ನು ಮನೆಗೆ ಒಯ್ದು ದೊಡ್ಡಪ್ಪನ ಫೋಟೊದ ಹತ್ತಿರ ಇಡೋಣವೆಂದುಕೊಂಡಿದ್ದೆವು. ಬೆವರು ಕುಡಿದು ಕಪ್ಪಾದ ಬೆಲ್ಟಿನ ಕೊಂಡಿ, ಅವರ ಹೆಬ್ಬೆರಳು ತಾಗಿ ತಾಗಿ ಹೊಳೆಯುತ್ತಿದ್ದ ಅಂಚು. ತಾತ ಕೈ ಚಾಚಿದರು.

‘ನಾಕ್ ದಿನ ಇಲ್ಲೇ ಇರ್ಲಿ ಸೋಮಿ. ಎಡಗೈಯೋರು ಇನ್ನೊಬ್ರು ಬಂದಾರು. ಪಟ್ಟಿ ಇಳಿಸ್ಕತೀನಿ.’

ನಾವು ಹೊರಡುವಾಗ ಅವರು ಹೋದ ವರ್ಷದ ಕ್ಯಾಲೆಂಡರನ್ನು ಮಗುಚಿ ಹಾಕಿ, ಹಳೆಯ ಒರೆಯನ್ನು ಅದರ ಮೇಲೆ ಮಲಗಿಸಿ, ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು.